ಥರ್ಮಾಕೋಲ್ ಹಲಗೆಯ ಸಾಕ್ಷಿ

ಮೇಷ್ಟ್ರು ಗಣಿತದವರು. ತಪ್ಪು ಕಂಡರೆ ಕೆಂಪು ಗೀಟು ಎಳೆಯದೆ ಬಿಡುವ ಆಸಾಮಿಯಲ್ಲ. ಆದರೆ ಅತ್ತೆಯ ರಿಪೇರಿ ಕೋಣೆಗೆ ಕಾಲಿಟ್ಟರೆ ಮಾತ್ರ ಅವರ ಬಾಯಿಗೆ ತಾನಾಗಿಯೇ ಬೀಗ ಬೀಳುತ್ತಿತ್ತು. ಟೀವಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿ ನಿವೃತ್ತಿಯಾದ ಹೆಂಗಸು ಆಕೆ. ಬೇರೆಯವರು ಗುಜರಿಗೆ ಹಾಕಿ ಅಂದ ಪೆಟ್ಟಿಗೆಗಳೆಲ್ಲ ಇಲ್ಲಿಗೆ ಬಂದು ಮಾತಾಡುತ್ತಿದ್ದವು.

ಈ ಸಲ ಮೇಜಿನ ಮೇಲಿದ್ದದ್ದು ಮೇಷ್ಟ್ರ ಹೈಸ್ಕೂಲು ದಿನಗಳ ಕಂಪ್ಯೂಟರ್ ಮಾನಿಟರ್. ಅವರು ಮೊದಲ ಪ್ರೋಗ್ರಾಂ ಬರೆದದ್ದು ಅದರ ಹಸಿರು ಅಕ್ಷರಗಳಲ್ಲೇ. ಈಗ ಕಂಪ್ಯೂಟರಿಗೆ ಜೋಡಿಸಿ ಗುಂಡಿ ಒತ್ತಿದರೆ ಚಿತ್ರ ನಡುಗಿ, ಕುಗ್ಗಿ, ಆರಿಹೋಗುತ್ತಿತ್ತು.

"ಕೆಪಾಸಿಟರ್‌ಗಳು ಒಣಗಿಹೋಗಿವೆ ಅಳಿಯಂದ್ರೆ. ವಯಸ್ಸಾಯ್ತಲ್ಲ, ನನ್ನ ಹಾಗೇ," ಎಂದು ನಕ್ಕ ಅತ್ತೆ ಆಮೇಲೆ ಗಂಭೀರರಾದರು. "ಕಣ್ಣಿನ ಆಪರೇಷನ್ ಆದ್ಮೇಲೆ ಇದೇ ಮೊದಲ ಕೆಲಸ. ಇದ್ರಲ್ಲಿ ಒಂದು ತಪ್ಪಾದ್ರೂ ಇನ್ನು ಬೆಸುಗೆ ಹಾಕೋ ಐರನ್ ಮುಟ್ಟಲ್ಲ. ನಿಮ್ಮ ಹೆಂಡ್ತಿಗೆ ಮಾತು ಕೊಟ್ಟಿದ್ದೀನಿ."

ಆ ಕೈಚಳಕವನ್ನು ನೋಡಬೇಕಿತ್ತು! ಮೊದಲು ಪಿಕ್ಚರ್ ಟ್ಯೂಬಿನಲ್ಲಿ ಉಳಿದಿದ್ದ ಕರೆಂಟನ್ನು ಇಳಿಸಿದರು. ಆಮೇಲೆ ಒಂದೊಂದೇ ಹಳೆಯ ಕೆಪಾಸಿಟರ್ ಕಿತ್ತು, ಥರ್ಮಾಕೋಲ್ ಹಲಗೆಗೆ ಅದರ ಕಾಲು ಚುಚ್ಚಿ ನಿಲ್ಲಿಸಿದರು. ಸರ್ಕ್ಯೂಟ್ ಬೋರ್ಡಿನಲ್ಲಿ ಎಲ್ಲಿತ್ತೋ ಅಲ್ಲೇ, ಮೈನಸ್ ಕಡೆಯ ಪಟ್ಟಿ ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ. ಅದರ ಜಾಗಕ್ಕೆ ಹೊಸದು.

ಎಲ್ಲವನ್ನೂ ಕೂರಿಸಿ ಅತ್ತೆ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳಲು ಒಳಗೆ ಹೋದಾಗ ಮೇಷ್ಟ್ರು ಬೋರ್ಡಿನತ್ತ ಬಗ್ಗಿದರು. ಮೂಲೆಯ ಒಂದು ಕೆಪಾಸಿಟರ್ ಪಕ್ಕ ಪ್ಲಸ್ ಎಂದು ಅಚ್ಚಾಗಿದ್ದರೆ, ಅತ್ತೆ ಅಲ್ಲಿ ಮೈನಸ್ ಕಾಲು ಇಳಿಸಿದ್ದಾರೆ! ಉಲ್ಟಾ ಕೂತರೆ ಅದು ಪಟಾಕಿಯಂತೆ ಸಿಡಿಯುತ್ತದೆಂದು ಅತ್ತೆಯೇ ಹೇಳಿಕೊಟ್ಟಿದ್ದರು. ಪಾಪ, ಕಣ್ಣು ಮೋಸಮಾಡಿದೆ. ಗೊತ್ತಾದರೆ ಆಕೆ ಕುಸಿದುಹೋಗುತ್ತಾರೆ. ಮೇಷ್ಟ್ರು ಐರನ್ ಎತ್ತಿಕೊಂಡು, ಅದನ್ನು ಬಿಚ್ಚಿ ತಿರುಗಿಸಿ ಕೂರಿಸಿಬಿಟ್ಟರು. ದೊಡ್ಡ ಉಪಕಾರ ಮಾಡಿದವರಂತೆ ಸುಮ್ಮನೆ ಕೂತರು.

ಅತ್ತೆ ಬಂದರು. ಸ್ವಿಚ್ ಒತ್ತುತ್ತಾರೆಂದುಕೊಂಡರೆ, ಹಲಗೆಯನ್ನು ಬೋರ್ಡಿನ ಪಕ್ಕಕ್ಕೆ ಎಳೆದುಕೊಂಡು ಒಂದೊಂದನ್ನೂ ಬೆರಳಿಟ್ಟು ತಾಳೆ ನೋಡತೊಡಗಿದರು. ಅದು ಕಾರ್ಖಾನೆಯ ದಿನಗಳಿಂದ ಬಂದ ಅಭ್ಯಾಸ. ಮೂಲೆಗೆ ಬಂದ ಬೆರಳು ನಿಂತೇಬಿಟ್ಟಿತು.

"ಇದು ಉಲ್ಟಾ ಕೂತಿದೆ."

ಆಕೆ ನಿಧಾನಕ್ಕೆ ಸ್ಟೂಲಿನ ಮೇಲೆ ಕುಳಿತರು. ಐರನ್ನಿನ ಪ್ಲಗ್ ಕಿತ್ತು ವೈರ್ ಸುತ್ತಿಡಲು ಶುರುಮಾಡಿದರು. "ಮುಗೀತು ಬಿಡಿ ಅಳಿಯಂದ್ರೆ. ಕಣ್ಣು ಕೈಕೊಡ್ತು."

ಮೇಷ್ಟ್ರಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಅತ್ತೆ, ತಿರುಗಿಸಿದ್ದು ನಾನು. ಬೋರ್ಡ್ ಮೇಲೆ ಪ್ಲಸ್ ಅಂತ ಅಚ್ಚಾಗಿತ್ತು. ನೀವು ತಪ್ಪು ಮಾಡಿದೀರಿ ಅಂದ್ಕೊಂಡೆ."

ಅತ್ತೆ ದುರುಗುಟ್ಟಿ ನೋಡಿದರು. "ತಪ್ಪು ಮಾಡಿರೋದು ಅಚ್ಚು ಹಾಕಿದೋರು. ಮೀಟರ್ ಇಟ್ಟು ನೋಡಿದ್ದೀನಿ ನಾನು. ಹಳೇದು ನಿಂತಿರೋ ದಿಕ್ಕು ನೋಡಿ, ಇಷ್ಟು ವರ್ಷ ಹೀಗೇ ಕೂತು ದುಡಿದಿದೆ! ಮೇಷ್ಟ್ರಂತೆ ಮೇಷ್ಟ್ರು! ಒಂದು ಮಾತು ಕೇಳೋಕೆ ನಿಮ್ಮ ಬಾಯಿ ಸವೆದುಹೋಗ್ತಿತ್ತಾ?" ಬೈಯುತ್ತ ಬೈಯುತ್ತಲೇ ಆಕೆಯ ಕಣ್ಣು ತುಂಬಿಕೊಂಡಿತು. ಡ್ರಾಪ್ಸ್ ಅಲ್ಲವೆಂದು ಮೇಷ್ಟ್ರಿಗೆ ಗೊತ್ತಾಯಿತು.

ಸುತ್ತಿದ್ದ ವೈರ್ ಮತ್ತೆ ಬಿಚ್ಚಿಕೊಂಡಿತು. ಮೇಷ್ಟ್ರ ಕೈಗೆ ಸಿಕ್ಕಿ ಬೆಂದಿದ್ದ ಕೆಪಾಸಿಟರ್ ಬುಟ್ಟಿಗೆ ಹೋಗಿ, ಅದರ ಜಾಗಕ್ಕೆ ಇನ್ನೊಂದು ಬಂತು. ಅತ್ತೆ ಮತ್ತೆ ಮೊದಲಿಂದ ತಾಳೆ ನೋಡಿ, ಕಂಪ್ಯೂಟರಿಗೆ ಜೋಡಿಸಿ ಸ್ವಿಚ್ ಒತ್ತಿದರು. ಪರದೆಯ ಮೂಲೆಯಲ್ಲಿ ಕರ್ಸರಿನ ಹಸಿರು ಚೌಕವೊಂದು ಕದಲದೆ ನಿಂತು ಮಿನುಗಿತು.

"ಕಪಾಟಿನ ಮೇಲೆ ಪಕ್ಕದ ಮನೆಯೋರ ರೇಡಿಯೋ ಇದೆ, ಇಳಿಸಿ," ಎಂದರು ಅತ್ತೆ, ಪರದೆಯಿಂದ ಕಣ್ಣು ಕೀಳದೆ. "ಇಳಿಸಿ ಕೈ ಕಟ್ಕೊಂಡು ಕೂತ್ಕೊಳ್ಳಿ."

ಮೇಷ್ಟ್ರು ರೇಡಿಯೋ ಇಳಿಸಿದರು. ಹೊಸ ಥರ್ಮಾಕೋಲ್ ಹಲಗೆಯೊಂದನ್ನು ಅತ್ತೆಯ ಮುಂದಿಟ್ಟು, ಮೊದಲ ಬೆಂಚಿನ ಹುಡುಗನಂತೆ ಕೈ ಕಟ್ಟಿ ಕುಳಿತರು.