ಟ್ಯೂಬಾಕ್ಕೆ ನಾನೇ ಕೊರೆದ ತೂತು

ಸೋಮವಾರ ನನ್ನ ತಮ್ಮ ಸಿರಿಲೋನ ಟ್ಯೂಬಾಕ್ಕೆ, ಆ ದೊಡ್ಡ ಹಿತ್ತಾಳೆ ತುತ್ತೂರಿಗೆ, ನಾನೇ ತೂತು ಕೊರೆದೆ, ದೀಪದ ವೈರು ಎಳೆಯಲಿಕ್ಕೆ. ಮುಷ್ಕರದ ಮೂರನೇ ತಿಂಗಳಲ್ಲಿ ನಮ್ಮ ಗಣಿಯ ಬ್ಯಾಂಡು ಹಸಿವು ತಾಳದೆ ವಾದ್ಯಗಳನ್ನೆಲ್ಲ ಮಾರಿತ್ತು. ಕೊಂಡ ಹೋಟೆಲಿನವನಿಗೆ ಅವು ಮೊಳಗುವುದು ಬೇಕಿರಲಿಲ್ಲ. ಸೂರಿನಲ್ಲಿ ದೀಪವಾಗಿ ನೇತಾಡಿದರೆ ಸಾಕಿತ್ತು. ನಮ್ಮ ಗಣಿಯೂರು ಒರುರೋದಲ್ಲಿ ಹಿತ್ತಾಳೆ ವಾದ್ಯ ರಿಪೇರಿ ಮಾಡುವವಳು ನಾನು. ಕೆಲಸ ನನಗೇ ಬಂತು. ಒಲ್ಲೆ ಅನ್ನಲಿಲ್ಲ.

ಮಂಗಳವಾರ ಸುರಂಗ ಕುಸಿದು ಸಿರಿಲೋ ಸತ್ತ. ಸುರಂಗದ ಆಸರೆಗೆ ಮರ ಕೊಡಿ ಎಂದೇ ಗಣಿ ಕೆಲಸದವರು ಮುಷ್ಕರ ಹೂಡಿದ್ದು. ಸೋತು, ಮರವಿಲ್ಲದೇ ಮತ್ತೆ ಗಣಿಗೆ ಇಳಿದಿದ್ದರು.

ಬುಧವಾರ ಬೆಳಿಗ್ಗೆ ಸೋದರಮಾವ ಹಿಲಾರಿಯೋನ್ ಬಾಗಿಲಲ್ಲಿ ನಿಂತ. "ಟ್ಯೂಬಾ ಕೊಡೇ. ಉಳಿದ ತುತ್ತೂರಿಗಳನ್ನೂ ತೆಗಿ."

"ಹೋಟೆಲಿನವ್ನು ಕೇಳಿದ್ರೆ?"

"ಬಂದು ಕಿತ್ಕೊಳ್ಲಿ. ಗಣೀಲಿ ದುಡಿಯೋರ ಕೈಯಿಂದ ಕಿತ್ಕೊಳ್ಳೋ ಗಂಡಸಾದ್ರೆ!"

ನಮ್ಮಲ್ಲಿ ಸತ್ತವನ ವಾದ್ಯವೇ ಅವನ ಮುಂದೆ ಊದುತ್ತ ಹೋಗಬೇಕು. ಅದು ಮೂಕವಾದರೆ ಅವನು ದಾರಿ ತಪ್ಪಿ ಗಣಿಗೇ ಮರಳುತ್ತಾನೆ. ಸತ್ತ ಮೇಲೂ ಆ ಬಿಲದಲ್ಲಿ ಗಣಿಯ ಧಣಿಗಳಿಗೇ ದುಡಿಯಬೇಕೆ ನನ್ನ ತಮ್ಮ?

ತೂತು ತೋರಿಸಿದೆ. ಮಾವ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಸುಗೆ ಹಾಕೋಣವೆಂದರೆ ಗ್ಯಾಸ್ ಮುಗಿದಿತ್ತು, ಲಾರಿ ವಾರದಿಂದ ಬಂದಿರಲಿಲ್ಲ. ಮೇಣದಬತ್ತಿಯಲ್ಲಿ ಅರಗು ಕರಗಿಸಿ ತೂತಿಗೆ ಮೆತ್ತಿದೆ. ಮಾವ ಊದಿ ನೋಡಿದ. ನೆಲ ಗುಂಯ್ಗುಟ್ಟಿತು. ಅಷ್ಟು ಹೊತ್ತಿಗೆ ಹೊರಗೆ ಹೆಣದ ಪೆಟ್ಟಿಗೆ ಎತ್ತಿದರು.

ಮೆರವಣಿಗೆ ಹೊರಡುವ ಮುನ್ನ ಭೂಮಿತಾಯಿಗೆ ನಾಲ್ಕು ಹನಿ, ವಾದ್ಯದ ಬಾಯಿಗೊಂದು ಧಾರೆ: ಅಪ್ಪಟ ಸ್ಪಿರಿಟ್ಟು. ಶೀಸೆಯನ್ನು ಮಾವನಿಗೆ ಕೊಟ್ಟವಳು ನಾನೇ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ದಿನಾ ಅದರಲ್ಲೇ ಕಲಸುವವಳಿಗೆ ಆ ಗಳಿಗೆ ನೆನಪಾಗಲಿಲ್ಲ. ಕೈ ಪದ್ಧತಿಯ ಹಿಂದೆ ಹೋಯಿತು.

ಸ್ಮಶಾನದ ಗುಡ್ಡದ ಏರು ಶುರುವಾಗುವಲ್ಲಿ ಅರಗು ಬಿಟ್ಟುಕೊಂಡು ಸ್ವರ ಬಿರಿಯಿತು. ಆಮೇಲೆ ಬರೀ ಗಾಳಿ. ಹೆಣ ಹೊತ್ತವರು ನಿಂತುಬಿಟ್ಟರು. ಯಾರೋ ಗಣಿಯ ಕಡೆ ತಿರುಗಿ ನೋಡಿದರು.

ಓಡಿಹೋಗಿ ತೂತಿಗೆ ಹೆಬ್ಬೆರಳು ಒತ್ತಿದೆ. "ಊದು ಮಾವ!"

"ಹಿಂಗೆ ಗುಡ್ಡ ಹತ್ತೋಕಾಗ್ತದೇನೇ?"

"ನಿಂತ್ರೆ ಅವ್ನು ವಾಪಸ್ ಹೋಗ್ತಾನೆ. ಊದು!"

ಅಡ್ಡಡ್ಡ ಹೆಜ್ಜೆ ಹಾಕುತ್ತ, ಎಡವುತ್ತ, ಮಾವನ ಪಕ್ಕೆಗೆ ಅಂಟಿಕೊಂಡೇ ಹತ್ತಿದೆ. ತೂತಿನ ಅಂಚು ಬೆರಳನ್ನು ಕೊಯ್ದಿತ್ತು, ಸ್ಪಿರಿಟ್ಟು ಸುಡುತ್ತಿತ್ತು. ಸ್ಮಶಾನದಲ್ಲಿ ಪೆಟ್ಟಿಗೆ ಇಳಿಸಿದರು. ಮಾವನ ತುಟಿ ನೀಲಿಗಟ್ಟಿತ್ತು.

"ಸಾಕಲ್ವೇನೇ?"

"ಮಣ್ಣು ಮುಚ್ಚೋ ತನಕ, ಮಾವ."

ಅವನು ಉಸಿರೆಳೆದುಕೊಂಡ. ಗುಂಡಿಗೆ ಇನ್ನೂ ಅರ್ಧ ಮಣ್ಣೂ ಬಿದ್ದಿರಲಿಲ್ಲ.