ಕಾಗೆ ಕಂಡ ಲಾರಿ

ಭಾನುವಾರ ಬಂತೆಂದರೆ ಗುಂಡ್ಲುಪೇಟೆ ಬಳಿಯ ಬೇಗೂರಿನ ಹೆದ್ದಾರಿ ಬದಿಯ ಮನೆಗಳಲ್ಲಿ ತಾಯಂದಿರಿಗೆಲ್ಲ ಒಂದೇ ಚಿಂತೆ. ಈ ಮಕ್ಕಳನ್ನು ಎಲ್ಲಿ ಕೂರಿಸುವುದು? ಹೊರಗೆ ಬಿಟ್ಟರೆ ರಸ್ತೆಯಲ್ಲಿ ಲಾರಿಗಳ ಓಟ. ಒಳಗೆ ಕೂರಿಸಿದರೆ ಕೈಗೆ ಮೊಬೈಲ್ ಬೇಕು. ಮೊಬೈಲ್ ಸಿಕ್ಕಿದರೆ ಊಟಕ್ಕೆ ಕರೆದರೂ ತಲೆ ಎತ್ತುವುದಿಲ್ಲ.

ಗೌಸ್ ಮೊಹಿದ್ದೀನನ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ತಾಪತ್ರಯವಿತ್ತು. ಮಗಳು ಸಿಮ್ರಾನ್ ನಾಲ್ಕನೇ ತರಗತಿ. ಎದ್ದಾಗಿನಿಂದ ಮಲಗುವವರೆಗೂ ಪ್ರಶ್ನೆ. ಈರುಳ್ಳಿ ಹೆಚ್ಚುವ ಅಮ್ಮಿಗೆ ಕಣ್ಣೀರು ಬರುತ್ತದೆ, ಈರುಳ್ಳಿ ಮೂಟೆಯ ಮೇಲೆ ಮಲಗಿಕೊಂಡು ಹೋಗುವ ಹಮಾಲಿಗೆ ಯಾಕೆ ಬರುವುದಿಲ್ಲ? ಕೇರಳಕ್ಕೆ ಹೋದ ಲಾರಿ ಅಲ್ಲಿ ಹಾರನ್ ಹೊಡೆದರೆ ಮಲಯಾಳದಲ್ಲಿ ಕೇಳಿಸುತ್ತದಾ? ಗೌಸ್‌ನ ಹತ್ತಿರ ಎಲ್ಲದಕ್ಕೂ ಒಂದೇ ಉತ್ತರವಿತ್ತು. "ಚುಪ್."

ಗೌಸ್ ಲಾರಿಗಳಿಗೆ ಬಣ್ಣ ಬಳಿದು ಚಿತ್ರ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ರಸ್ತೆ ಬದಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಗುಂಡ್ಲುಪೇಟೆಯಿಂದ ತರಕಾರಿ ಹೊತ್ತು ಹೋಗುವ ಎಷ್ಟೋ ಲಾರಿಗಳ ಹಿಂಬದಿಯಲ್ಲಿ ಅವನ ಗಿಳಿಗಳು ಕೂತಿವೆ, ಅವನ ಹುಲಿಗಳು ಹಲ್ಲು ಕಿರಿದಿವೆ. ಅವನು ಎಳೆದ ಗೆರೆ ನೂಲು ಹಿಡಿದ ಹಾಗೆ ಇರುತ್ತದೆ ಎಂದು ಡ್ರೈವರುಗಳೆಲ್ಲ ಹೇಳುತ್ತಾರೆ. ಆದರೆ ಆ ಕೆಲಸ ಅವನು ಆಸೆಪಟ್ಟು ಹಿಡಿದದ್ದಲ್ಲ. ಆರನೇ ತರಗತಿಗೇ ಮನೆಯವರು ಸ್ಲೇಟು ಕಸಿದು ಕೈಗೆ ಉಜ್ಜುಕಾಗದ ಕೊಟ್ಟಿದ್ದರು. ತುಕ್ಕು ಉಜ್ಜಿ ಉಜ್ಜಿ ಬೆರಳಿನ ಚರ್ಮ ಸುಲಿದಿತ್ತು. ಈ ಟರ್ಪೆಂಟೈನ್ ವಾಸನೆ ತನಗೇ ಮುಗಿಯಲಿ, ಮಗಳು ಓದಿ ಆಫೀಸಿನಲ್ಲಿ ಕೂರಲಿ ಎಂಬುದು ಅವನ ಹಟ.

ಹೀಗಿರುವಾಗ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ವನಿತಾ ಭಾನುವಾರ ಹತ್ತರಿಂದ ಹನ್ನೆರಡರ ತನಕ ಮಕ್ಕಳ ಕಲಾಕೂಟ ಶುರುಮಾಡಿದಳು. ಒಂದು ವಾರ ಜೇಡಿಮಣ್ಣು, ಒಂದು ವಾರ ಹಳೇ ಮದುವೆ ಕಾಗದ ಕತ್ತರಿಸಿ ಬೊಂಬೆ, ಇನ್ನೊಂದು ವಾರ ಊರಿನ ಹಾಡುಗಾರ್ತಿ ಅಜ್ಜಿ ಪುಟ್ಟಸಿದ್ದಮ್ಮ ಬಂದು ಸೋಬಾನೆ ಪದ ಹೇಳಿಕೊಡುವುದು. ಎಲ್ಲ ಬೀದಿಯ ಮಕ್ಕಳೂ ಒಂದೇ ಚಾಪೆಯ ಮೇಲೆ. ಫೀಸಿಲ್ಲ. ಗೌಸ್‌ನ ಹೆಂಡತಿ ಅನೀಸಾ ತನ್ನ ಸ್ತ್ರೀಶಕ್ತಿ ಸಂಘದಲ್ಲಿ ಇದನ್ನು ಕೇಳಿ ಬಂದು ಸಿಮ್ರಾನಳನ್ನು ಕಳಿಸತೊಡಗಿದಳು.

ಗೌಸ್ ಒಪ್ಪಲಿಲ್ಲ. ಬಣ್ಣ ಬಳಿಯುವುದನ್ನು ಕಲಿಯಲು ಗ್ರಂಥಾಲಯಕ್ಕೆ ಯಾಕೆ ಹೋಗಬೇಕು, ಆ ಹೊತ್ತಿನಲ್ಲಿ ಮಗ್ಗಿ ಬರೆಯಬಾರದೇ ಎಂದು ರೇಗಿದ. ಎರಡು ದಿನ ಮಾತಾದ ಮೇಲೆ ಒಂದು ಷರತ್ತು ಹಾಕಿದ. ತಿಂಗಳ ಕೊನೆಗೆ ಮಕ್ಕಳ ಚಿತ್ರಗಳ ಪ್ರದರ್ಶನ ಇದೆಯಂತೆ. ಅದನ್ನು ನೋಡುತ್ತೇನೆ. ಪ್ರಯೋಜನವಿಲ್ಲ ಅನ್ನಿಸಿದರೆ ಅಂದೇ ಕೊನೆ.

ಪ್ರದರ್ಶನಕ್ಕೆಂದು ವನಿತಾ ಮಕ್ಕಳಿಗೆಲ್ಲ ಒಂದೊಂದು ರಟ್ಟು ಕೊಟ್ಟು, ನಿಮಗೆ ಇಷ್ಟ ಬಂದದ್ದನ್ನು ಬರೆಯಿರಿ ಅಂದಳು. ಸಿಮ್ರಾನ್ ಬರೆದ ರಟ್ಟನ್ನು ಒಣಗಲೆಂದು ಅಪ್ಪನ ಶೆಡ್ಡಿನಲ್ಲಿ ಒರಗಿಸಿ ಶಾಲೆಗೆ ಹೋದಳು. ಅದರಲ್ಲಿ ಉದ್ದನೆಯದೊಂದು ಡಬ್ಬಿ. ಡಬ್ಬಿಯ ತುಂಬ ಕೆಂಪು ಗುಂಡುಗಳು. ಡಬ್ಬಿಯ ಎರಡು ಪಕ್ಕದಲ್ಲೂ ಹೊರಕ್ಕೆ ಬಿದ್ದುಕೊಂಡ ಚಕ್ರಗಳು.

ನಂಬರ್ ಪ್ಲೇಟ್ ಬರೆಸಲು ಬಂದ ಸೋಮಣ್ಣನ ಕಣ್ಣಿಗೆ ಅದು ಬಿತ್ತು. ಸೋಮಣ್ಣನದು ಸ್ವಂತ ಲಾರಿ, ಈರುಳ್ಳಿ ಬಾಡಿಗೆ. ಗೌಸ್‌ಗೆ ಹಳೇ ಗೆಳೆಯ.

"ಏನ್ಲಾ ಗೌಸು, ಇದು?"

"ನಮ್ ಮಗ್ಳು ಬರ್ದಿರೋ ಲಾರಿ ಕಣ."

"ಲಾರಿನಾ? ಆನೆ ತುಳಿದ್ಬುಟ್ಟಿರೋ ಹಂಗದಲ್ಲಲಾ. ಲಾರಿ ಪೇಂಟರ್ ಮಗ್ಳಿಗೆ ಲಾರಿ ಬರೆಯಾಕ್ ಬರ್ದು ಅಂದ್ರೆ, ಊರೋರು ನಿನ್ ಕೈಗೆ ನಾಳಿಂದ ಬ್ರಶ್ಶು ಕೊಟ್ಟಾರಾ?"

ಸೋಮಣ್ಣ ತಮಾಷೆಗೆ ಹೇಳಿ, ಟೀ ಕುಡಿದು ಹೋದ. ಗೌಸ್‌ಗೆ ಮಾತ್ರ ಮುಳ್ಳು ಚುಚ್ಚಿದ ಹಾಗಾಯಿತು. ನಾಳಿದ್ದು ಊರೆಲ್ಲ ಸೇರಿ ನಗುತ್ತದೆ, ಮಗು ಅಳುತ್ತದೆ. ಹಾಗಾಗಲು ಅಪ್ಪನಾದವನು ಬಿಡಬಹುದೇ? ಅವನು ಮಗಳ ಚಿತ್ರ ಪೂರ್ತಿ ಮುಚ್ಚುವ ಹಾಗೆ ರಟ್ಟಿಗೆ ಬಿಳಿ ಪ್ರೈಮರ್ ಹೊಡೆದ. ಅದು ಒಣಗಿದ ಮೇಲೆ ತನ್ನ ಜೀವಮಾನದ ಅನುಭವವನ್ನೆಲ್ಲ ಹಾಕಿ ಒಂದು ಲಾರಿ ಬರೆದ. ಕ್ಯಾಬಿನ್ನು, ಬಾಗಿಲು, ಕನ್ನಡಿ, ಪಕ್ಕದಲ್ಲಿ ಎರಡು ಗಿಳಿ. ಸಂಜೆ ಮಗಳು ಬಂದು ರಟ್ಟಿನ ಮುಂದೆ ನಿಂತಳು. ಏನೂ ಕೇಳಲಿಲ್ಲ. ಅವನು ಅದನ್ನು ಸಂತೋಷವೆಂದೇ ತಿಳಿದ.

ಪ್ರದರ್ಶನದ ದಿನ ಗ್ರಂಥಾಲಯದ ಅಂಗಳದಲ್ಲಿ ಜನ ಸೇರಿತು. ಎಲ್ಲರೂ ಆ ಲಾರಿಯ ಮುಂದೆ ನಿಂತು ತಲೆದೂಗುವವರೇ. ಗೌಸ್ ಮೀಸೆ ತಿರುವಿಕೊಂಡ. ಆಮೇಲೆ ವನಿತಾ, ಒಬ್ಬೊಬ್ಬರೂ ನಿಮ್ಮ ಚಿತ್ರದ ಪಕ್ಕ ನಿಂತು ಅದರ ಕಥೆ ಹೇಳಿ ಅಂದಳು. ಒಂದು ಹುಡುಗಿ ತನ್ನ ನೀಲಿ ಕೋಳಿ ಯಾಕೆ ನೀಲಿ ಎಂದು ಹೇಳಿದ್ದೇ ಹೇಳಿದ್ದು. ಸಿಮ್ರಾನಳ ಸರದಿ ಬಂತು. ಅವಳು ಲಂಗದ ಅಂಚು ತಿರುಚುತ್ತ ನೆಲ ನೋಡಿದಳು.

"ಇದು ನಂದಲ್ಲ ಮಿಸ್," ಅಂದಳು. "ನನ್ ಲಾರಿ ಇದರ ಅಡೀಲಿದೆ."

ಎಲ್ಲರೂ ಗೌಸ್‌ನ ಕಡೆ ತಿರುಗಿದರು. ಗೌಸ್ ಚಪ್ಪಲಿ ಹುಡುಕಿಕೊಂಡು ಹೊರಟುಬಿಟ್ಟ.

ಅಂದಿನಿಂದ ಸಿಮ್ರಾನ್ ಕಲಾಕೂಟಕ್ಕೆ ಹೋಗಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಅವಳೇ ಹೋಗಲಿಲ್ಲ. ಸೀಸದ ಕಡ್ಡಿ ಮುಟ್ಟುವುದು ಮನೆಪಾಠಕ್ಕೆ ಮಾತ್ರ. ಬೆಳಿಗ್ಗೆ ಏಳುವಳು, ಶಾಲೆಗೆ ಹೋಗುವಳು, ಬರುವಳು, ಉಣ್ಣುವಳು. ಒಂದು ಪ್ರಶ್ನೆಯಿಲ್ಲ. ಮೊದಲ ವಾರ ಗೌಸ್‌ಗೆ ಹಾಯೆನಿಸಿತು. ಎರಡನೇ ವಾರ ಊಟದ ಹೊತ್ತಿನಲ್ಲಿ ತಾನೇ ಈರುಳ್ಳಿ ರೇಟಿನ ಮಾತು ತೆಗೆದ, ಅವಳೇನಾದರೂ ಕೇಳಬಹುದೆಂದು. ಅವಳು ತಟ್ಟೆ ಎತ್ತಿಕೊಂಡು ಹೋದಳು. ಮೂರನೇ ವಾರ ಅನೀಸಾ ರೊಟ್ಟಿ ತಟ್ಟುತ್ತಲೇ ಹೇಳಿದಳು.

"ಮನೆ ಈಗ ನೀವು ಕೇಳಿದ ಹಾಗೇ ಇದೆ. ಚುಪ್."

ಗೌಸ್ ತಟ್ಟೆ ಸರಿಸಿ ಎದ್ದ. ಮಾರನೆಯ ದಿನ ಶೆಡ್ಡಿಗೆ ಬಾಗಿಲು ಹಾಕಿ ಗ್ರಂಥಾಲಯಕ್ಕೆ ಹೋದ. ಹೇಗೆ ಶುರುಮಾಡುವುದೆಂದು ತಿಳಿಯದೆ, ನಾನು ಚೆನ್ನಾಗಿಯೇ ಬರೆದಿದ್ದೆನಲ್ಲ ಎಂದ.

"ಬಾಳ ಚೆನ್ನಾಗಿತ್ತು ಗೌಸಣ್ಣ," ವನಿತಾ ಅಂದಳು. "ಆದ್ರೆ ಅವ್ಳು ಏನ್ ಬರ್ದಿದ್ಲು ಅಂತ ಕೇಳಿದ್ರಾ?"

"ಅದ್ರಲ್ಲಿ ಕೇಳಾದೇನಿತ್ತು ಮೇಡಂ? ವಕ್ರ ಪಕ್ರ ಇತ್ತು."

"ಬನ್ನಿ, ತೋರುಸ್ತೀನಿ."

ಅವಳು ಅವನನ್ನು ಕಟ್ಟಡದ ತಾರಸಿಗೆ ಕರೆದುಕೊಂಡು ಹೋದಳು. ಹಿಂದೊಂದು ಭಾನುವಾರ ಸಿಮ್ರಾನ್, ಕಾಗೆಗೆ ಲಾರಿ ಹೆಂಗೆ ಕಾಣುತ್ತೆ ಮಿಸ್ ಎಂದು ಕೇಳಿದ್ದಳಂತೆ. ನನಗೂ ಗೊತ್ತಿಲ್ಲ, ನೋಡೋಣ ನಡಿ ಎಂದು ವನಿತಾ ಅವಳ ಕೈ ಹಿಡಿದು ಇಲ್ಲಿಗೇ ತಂದು ನಿಲ್ಲಿಸಿದ್ದಳಂತೆ. ಗೌಸ್ ಕಟ್ಟೆ ಹಿಡಿದು ಕೆಳಗೆ ಬಗ್ಗಿದ. ಮೈಸೂರು ಕಡೆಗೆ ಒಂದು ಲಾರಿ ಹೋಗುತ್ತಿತ್ತು. ಬಾಗಿಲಿಲ್ಲ, ಕನ್ನಡಿಯಿಲ್ಲ, ಗಿಳಿಯಿಲ್ಲ. ಉದ್ದನೆಯ ಡಬ್ಬಿ, ಅದರ ತುಂಬ ಕೆಂಪು ಗುಂಡುಗಳ ಹಾಗೆ ಈರುಳ್ಳಿ ಮೂಟೆಗಳು.

ಇಪ್ಪತ್ತೆರಡು ವರ್ಷ ಲಾರಿಯ ಜೊತೆಗೇ ಇದ್ದವನು ಲಾರಿಯ ನೆತ್ತಿಯನ್ನು ನೋಡಿದ್ದು ಅಂದೇ ಮೊದಲು.

"ಊರಿನ ನಕ್ಷೆ ಅಂದ್ರೆ ಇದೇ ಅಲ್ವಾ ಅಣ್ಣ?" ವನಿತಾ ಮೆಲ್ಲಗೆ ಹೇಳಿದಳು. "ಮೇಲಿಂದ ನೋಡಿ ಬರೆಯೋದು. ಪುಸ್ತಕದಲ್ಲಿ ಆ ಪಾಠ ಬರೋಕ್ ಮುಂಚೇನೇ ನಿಮ್ ಮಗ್ಳು ಕಂಡ್ಕೊಂಡವ್ಳೆ. ಓದೇನೂ ಹಾಳಾಗ್ತಿಲ್ಲ. ಇದೂ ಓದೇ."

ಮಕ್ಕಳ ಚಿತ್ರ ತಿದ್ದಬೇಡಿ, ಇದರ ಬಗ್ಗೆ ಹೇಳು ಅಂತ ಮಾತ್ರ ಕೇಳಿ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ ಜೊತೆಗೆ ಹುಡುಕಿ ಎಂದು ಅವಳು ವಿವರಿಸಿದಳು. ಗೌಸ್ ಎಲ್ಲಕ್ಕೂ ತಲೆಯಾಡಿಸುತ್ತ ಇನ್ನೂ ಕೆಳಗೇ ನೋಡುತ್ತಿದ್ದ. ಒಂದು ಅನುಮಾನ ಮಾತ್ರ ಉಳಿದಿತ್ತು. ಅದನ್ನು ಅವನು ವನಿತಾಳಲ್ಲಿ ಕೇಳಲಿಲ್ಲ.

ಶಾಲೆ ಬಿಟ್ಟು ಬಂದ ಮಗಳ ಎದುರಿಗೆ ನೆಲದ ಮೇಲೆ ಕೂತ. ಮನೆಯಲ್ಲಿ ಅವರ ಮಾತು ಉರ್ದು. ಆ ಮಾತಿನಲ್ಲೇ, ನಿನ್ನ ಚಿತ್ರದ ಮೇಲೆ ಬಣ್ಣ ಹೊಡೆದದ್ದು ನನ್ನ ತಪ್ಪು ಬೇಟಿ, ಅಂದ. ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಇವತ್ತು ತಾರಸಿ ಹತ್ತಿ ನೋಡಿದೆ," ಎಂದ. "ನೀನು ಬರೆದ ಹಾಗೇ ಇತ್ತು. ಆದರೆ ಮೇಲಿಂದ ಚಕ್ರ ಕಾಣಲಿಲ್ಲವಲ್ಲ, ನೀನು ಯಾಕೆ ಬರೆದೆ? ನನಗೆ ಗೊತ್ತಾಗಲಿಲ್ಲ, ಹೇಳು."

ಸಿಮ್ರಾನ್ ಪುಸ್ತಕ ಮಡಚಿ ಅವನ ಮುಖ ನೋಡಿದಳು. ಇದು ಪರೀಕ್ಷೆಯೋ ನಿಜವಾದ ಪ್ರಶ್ನೆಯೋ ಎಂದು ತೂಗಿ ನೋಡುವ ಹಾಗಿತ್ತು.

"ಮೇಲಿಂದ ಡ್ರೈವರ್ ಕಂಡರಾ ಅಬ್ಬಾ?"

"ಇಲ್ಲ."

"ಹಾಗಾದರೆ ಲಾರಿ ಡ್ರೈವರಿಲ್ಲದೆ ಹೋಗುತ್ತಿತ್ತಾ?"

"ಇಲ್ಲ. ಇದ್ದ, ಕಾಣುತ್ತಿರಲಿಲ್ಲ."

"ಚಕ್ರವೂ ಹಾಗೇ," ಅಂದಳು. "ಇದೆ ಅಂತ ನನಗೆ ಗೊತ್ತು. ಅದಕ್ಕೇ ಬರೆದೆ."

ಗೌಸ್ ಹಿಂದಕ್ಕೆ ಒರಗಿ ನಗತೊಡಗಿದ. ಒಳಗಿನಿಂದ ಅನೀಸಾ ಇಣುಕಿದಳು. ಅಷ್ಟರಲ್ಲಿ ಸಿಮ್ರಾನ್, ಕಾಗೆ ಹಾರುವಾಗ ಅದರ ನೆರಳಿಗೆ ಸುಸ್ತಾಗಲ್ವಾ ಎಂದು ಕೇಳಿಯಾಗಿತ್ತು. ನನಗೆ ಗೊತ್ತಿಲ್ಲ, ಹುಡುಕೋಣ ಎಂದ ಗೌಸ್.

ಮುಂದಿನ ಭಾನುವಾರ ಮಗಳ ಜೊತೆ ಅಪ್ಪನೂ ಕಲಾಕೂಟಕ್ಕೆ ಬಂದ. ಕಾಗೆಯ ಕಣ್ಣಿನಲ್ಲಿ ಇಡೀ ಬೇಗೂರನ್ನು ಗ್ರಂಥಾಲಯದ ಕಾಂಪೌಂಡ್ ಗೋಡೆಯ ಮೇಲೆ ಬರೆಯುವುದೆಂದು ಮಕ್ಕಳು ತೀರ್ಮಾನ ಮಾಡಿದರು. ಪಂಚಾಯಿತಿಯವರು ಒಪ್ಪಿದರು. ಗೌಸ್ ಗೋಡೆಗೆ ಪ್ರೈಮರ್ ಹೊಡೆದುಕೊಟ್ಟ, ಬ್ರಶ್ಶು ತೊಳೆಯುವುದನ್ನು ಕಲಿಸಿದ, ಆಮೇಲೆ ದೂರ ನಿಂತ. ಬಣ್ಣ ಸೋರಿದಾಗಲೆಲ್ಲ ಅವನ ಬೆರಳುಗಳು ತಿದ್ದಲು ತುಡಿಯುತ್ತಿದ್ದವು. ಅನೀಸಾ ಅದನ್ನು ಕಂಡು ಅವನ ಎರಡೂ ಕೈಗೆ ಎರಡು ಟೀ ಲೋಟ ಕೊಟ್ಟು ನಿಲ್ಲಿಸಿದಳು.

ನಾಲ್ಕು ಭಾನುವಾರಕ್ಕೆ ಗೋಡೆ ತುಂಬಿತು. ನೋಡಲು ಊರಿಗೆ ಊರೇ ಬಂತು. ತಮ್ಮ ತಮ್ಮ ಮನೆ ಹುಡುಕುವವರ ನೂಕುನುಗ್ಗಲು. ಪುಟ್ಟಸಿದ್ದಮ್ಮ ತನ್ನ ಮನೆಯೇ ಇಲ್ಲವೆಂದು ಮುನಿದಳು. ಹೆಂಚಿನ ಮೇಲೆ ಮೆಣಸಿನಕಾಯಿ ಹರಡಿದ ಚಾವಣಿಯನ್ನು ಸಿಮ್ರಾನ್ ತೋರಿಸಿದಾಗ ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ನಮ್ಮನೆ ನೆತ್ತಿಯ ನಾನೇ ನೋಡಿರ್ನಿಲ್ಲ ಕಣಮ್ಮಿ," ಅಂದಳು.

ಸೋಮಣ್ಣನೂ ಬಂದ. ಹೆದ್ದಾರಿಯ ಮೇಲೆ ತನ್ನ ಲಾರಿ ಕಂಡು ಹಿಗ್ಗಿದ, ಚಕ್ರ ಕಂಡು ಗೌಸ್‌ನ ಕಡೆ ತಿರುಗಿದ.

"ಇದ್ಯಾಕ್ಲಾ ಗೌಸು, ಚಕ್ರ ಆಚೆಗ್ ಬಂದವೆ?"

"ನನ್ನ ಕೇಳ್ಬ್ಯಾಡ ಕಣ," ಗೌಸ್ ಹೇಳಿದ. "ಬರ್ದೋಳು ಅಲ್ಲವ್ಳೆ. ಅವ್ಳ ಕೇಳು."

ಅಂದು ಅದೇ ಅಂಗಳದಲ್ಲಿ ನೆಲ ನೋಡಿದ್ದ ಹುಡುಗಿ, ಈಗ ಇಟ್ಟಿಗೆಯೊಂದರ ಮೇಲೆ ಹತ್ತಿ ನಿಂತು ಅಷ್ಟೂ ಜನಕ್ಕೆ ಕೇಳುವ ಹಾಗೆ ತನ್ನ ಲಾರಿಯ ಕಥೆ ಹೇಳಿದಳು. ಕಾಣುವುದು ಯಾವುದು, ಕಾಣದಿದ್ದರೂ ಇರುವುದು ಯಾವುದು ಎಂದು ಬೆರಳಿಟ್ಟು ತೋರಿಸಿದಳು. ಸೋಮಣ್ಣ ಬಾಯಿ ತೆರೆದುಕೊಂಡು ಕೇಳಿದ. ಶಾಲೆಯ ಟೀಚರು, ಈ ವರ್ಷ ನಕ್ಷೆಯ ಪಾಠವನ್ನು ಈ ಗೋಡೆಯ ಮುಂದೆಯೇ ಮಾಡುವುದಾಗಿ ಅಲ್ಲೇ ಹೇಳಿದರು. ಚಪ್ಪಾಳೆ ಬಿದ್ದಾಗ ಗೌಸ್‌ನ ಕಣ್ಣು ಮಂಜಾಗಿತ್ತು. ಹದಿನೆಂಟು ಮಕ್ಕಳಿದ್ದ ಕಲಾಕೂಟಕ್ಕೆ ಮುಂದಿನ ವಾರ ಬಂದವರು ನಲವತ್ತಮೂರು. ಅವರಲ್ಲಿ ಇಬ್ಬರು ಸೋಮಣ್ಣನ ಮನೆಯವರು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿಸಿ ಕೇಳುತ್ತಿರುವ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಒಂದು ಮಗು ಪ್ರಶ್ನೆ ಕೇಳುತ್ತಿರಬಹುದು, ಗೋಡೆಗೆ ಇದ್ದಿಲಲ್ಲಿ ಗೀಚುತ್ತಿರಬಹುದು. ಬಾಯಿ ಮುಚ್ಚಿಸಬೇಡಿ, ಕೈ ಹಿಡಿದು ತಿದ್ದಬೇಡಿ. ಇದೇನು, ಹೇಳು ಎಂದು ಪಕ್ಕದಲ್ಲಿ ಕೂತು ಕೇಳಿ. ವಾರಕ್ಕೆ ಎರಡು ಗಂಟೆ, ಹೆಣ್ಣು ಗಂಡು ಎನ್ನದೆ, ಮಕ್ಕಳನ್ನು ನಿಮ್ಮೂರಿನ ಗ್ರಂಥಾಲಯಕ್ಕೋ ಶಾಲೆಯಂಗಳಕ್ಕೋ ಕಳಿಸಿ. ಅಲ್ಲಿ ಅಂಥ ಕೂಟ ಇಲ್ಲದಿದ್ದರೆ ನಿಮ್ಮ ಸಂಘದಲ್ಲಿ ಮಾತು ತೆಗೆಯಿರಿ. ಒಂದು ಚಾಪೆ, ನಾಲ್ಕು ರಟ್ಟು, ಹಾಡು ಬಲ್ಲ ಒಬ್ಬ ಅಜ್ಜಿ ಸಿಕ್ಕರೆ ಶುರುಮಾಡಲು ಸಾಕು. ಬರುವ ಭಾನುವಾರವೇ ಶುರುಮಾಡಿ.