ಅಳತೆ ಕೊಡದ ಮನೆ

ಬೊಮ್ಮಮ್ಮನ ಹೊಲಿಗೆ ಯಂತ್ರವನ್ನು ರುದ್ರಸ್ವಾಮಿ ಬೀದಿಗೆ ಎಸೆದಾಗ ನಾನು ಅಲ್ಲೇ ಇದ್ದೆ. ಚಕ್ರ ಮುರಿದು ಚರಂಡಿಗೆ ಉರುಳಿತು. ಬೊಮ್ಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ನಮ್ಮ ಕಾಲೋನಿಯವರೆಲ್ಲ ಅವನ ಹೊಲದಲ್ಲೇ ಕೂಲಿ ಮಾಡುವವರು. ಒಬ್ಬೊಬ್ಬರಾಗಿ ಒಳಗೆ ಸರಿದೆವು.

ಅವಳ ತಪ್ಪೇನು? ಅವಳು ಹೊಲಿದ ರವಿಕೆ ರುದ್ರಸ್ವಾಮಿಯ ಹೆಂಡತಿ ಶಾಂತಮಲ್ಲಮ್ಮನ ಬೆನ್ನಲ್ಲಿ, ಗೃಹಪ್ರವೇಶದ ದಿನ, ನೆಂಟರ ಮುಂದೆಯೇ ಬಿರಿದಿತ್ತು. ಬಿರಿಯದೆ ಇನ್ನೇನಾಗುತ್ತದೆ? ಆ ಮನೆಯವರು ಅವಳಿಗೆ ಮೈ ಮುಟ್ಟಲು ಬಿಡುತ್ತಿರಲಿಲ್ಲ. ಅಳತೆಗೆಂದು ಯಾವುದೋ ಓಬೀರಾಯನ ಕಾಲದ ರವಿಕೆಯನ್ನು ಜಗಲಿಯಿಂದ ಎಸೆಯುತ್ತಿದ್ದರು. ಹೊಲಿದು ತಂದದ್ದಕ್ಕೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು.

“ಒಂದ್ಸಲ ಅಳ್ತೆ ಕೊಡಿ ಅವ್ವಾ, ಮೈ ತುಂಬ್ಕಂಡಿದ್ದೀರಿ,” ಎಂದು ಬೊಮ್ಮಮ್ಮ ಬೇಡಿದ್ದನ್ನು ನಾನೇ ಕೇಳಿದ್ದೆ.

“ನಿನ್ ಕೈಲಿ ಮುಟ್ಟಿಸ್ಕಬೇಕಾ ನಾನು? ಅದ್ರಂಗೇ ಒಲಿ,” ಎಂದಿದ್ದಳು ಶಾಂತಮಲ್ಲಮ್ಮ.

ಆಮೇಲೆ ಬೊಮ್ಮಮ್ಮ ಅದೇ ರುದ್ರಸ್ವಾಮಿಯ ಅರಿಸಿನದ ಹೊಲಕ್ಕೆ ಕೂಲಿಗೆ ಇಳಿದಳು. ಮಗಳು ಲೋಕೇಶ್ವರಿ ಓದು ಬಿಟ್ಟು ತಿರುಪ್ಪೂರಿನ ಬಸ್ಸು ಹತ್ತಿದಳು. ಬನಿಯನ್ ಕಂಪನಿಯಲ್ಲಿ ತೋಳು ಜೋಡಿಸುತ್ತ ಇಡೀ ಕಸುಬು ಕಲಿತು ಬಂದಳು. ತಾಳವಾಡಿ ಬಸ್ ಸ್ಟ್ಯಾಂಡಿನ ಎದುರು ಅಂಗಡಿ ಹಿಡಿದಳು. ಕಳೆ ಕೀಳುತ್ತಿದ್ದ ನಮ್ಮನ್ನು ಒಬ್ಬೊಬ್ಬರಾಗಿ ಕರೆದು ಕೆಲಸ ಕಲಿಸಿದಳು. ತೋಳಿನ ಮೇಲೆ ಚೆಂಡುಹೂವಿನ ಸಾಲು, ಬೆನ್ನಿಗೆ ನಮ್ಮ ಬೆಟ್ಟದ ಗೆರೆ. ಅವಳ ಡಿಸೈನು ಫೋನಿನಲ್ಲಿ ಊರೂರು ಸುತ್ತಿತು. ಮೈಸೂರು, ಕೊಯಮತ್ತೂರಿನ ದೊಡ್ಡ ಅಂಗಡಿಗಳೇ ನಮ್ಮನ್ನು ಹುಡುಕಿ ಬಂದವು. ಪ್ರತಿ ರವಿಕೆಯ ಕತ್ತಿನ ಒಳಗೂ ಒಂದು ಪಟ್ಟಿ, ಅದರ ಮೇಲೆ ನಮ್ಮ ಬ್ರ್ಯಾಂಡಿನ ಹೆಸರು: ‘ಬೊಮ್ಮಮ್ಮ’.

ಈ ಮಾಘದಲ್ಲಿ ರುದ್ರಸ್ವಾಮಿಯ ಮಗಳು ಶಾಂಭವಿಗೆ ಮೈಸೂರಿನ ಸಂಬಂಧ ಕುದುರಿತು. ಮದುಮಗಳಿಗೆ ‘ಬೊಮ್ಮಮ್ಮ’ ರವಿಕೆಯೇ ಆಗಬೇಕು, ನಿಮ್ಮೂರಿನದೇ ಅಲ್ಲವೇ ಎಂದರಂತೆ ಗಂಡಿನ ಕಡೆಯವರು.

ಅವರ ಆಳು ಚಿಕ್ಕಮಾದ ರೇಷ್ಮೆ ಬಟ್ಟೆಯ ಚೀಲ ಹಿಡಿದು ಬಂದ. “ಅಮ್ಮಾವ್ರು ಕೊಟ್ಟವ್ರೆ. ಅಳ್ತೆ ರವ್ಕೆ ಒಳ್ಗದ.”

ಲೋಕೇಶ್ವರಿ ಚೀಲ ಬಿಚ್ಚಲೇ ಇಲ್ಲ. “ವಾಪ್ಸು ತಗಂಡೋಗು ಮಾವ. ಬೇಕಾದ್ರೆ ಅವ್ವ ಮಗಳು ಇಬ್ರೂ ಅಂಗ್ಡಿಗೇ ಬರ್ಲಿ.”

ಮಾರನೆಯ ದಿನ ಕಾರು ಬಂತು. ರುದ್ರಸ್ವಾಮಿಯೂ ಚೀಲ ಹಿಡಿದ ಚಿಕ್ಕಮಾದನೂ ಹೊರಗೇ ನಿಂತರು, ಅವ್ವ ಮಗಳು ಒಳಗೆ ಬಂದರು. ಲೋಕೇಶ್ವರಿ ಅಳತೆ ಪಟ್ಟಿಯನ್ನು ತನ್ನ ತಾಯಿಯ ಕೈಗೆ ಕೊಟ್ಟಳು.

“ನೀನೇ ತಗಳ್ಳಮ್ಮಿ,” ಎಂದಳು ಶಾಂತಮಲ್ಲಮ್ಮ ಮೆಲ್ಲಗೆ.

“ಬೊಮ್ಮಮ್ಮನ ರವ್ಕೆ ಬೇಕಂದ್ರಲ್ಲ? ಬೊಮ್ಮಮ್ಮನೇ ಅಳೀತಾಳ,” ಎಂದಳು ಲೋಕೇಶ್ವರಿ.

ಶಾಂತಮಲ್ಲಮ್ಮ ಕಣ್ಣು ಮುಚ್ಚಿ ಕೈ ಎತ್ತಿದಳು. ಬೊಮ್ಮಮ್ಮನ ಒಡೆದ ಬೆರಳುಗಳು ಭುಜ, ಎದೆ, ಬೆನ್ನು, ಸೊಂಟದ ಮೇಲೆ ಅವಸರವಿಲ್ಲದೆ ಓಡಾಡಿದವು. ಶಾಂಭವಿಯ ಸರದಿ ಬಂದಾಗ ಆ ಹುಡುಗಿ, “ಕೈ ಇಷ್ಟು ಎತ್ಲಾ ಅಜ್ಜಿ?” ಎಂದು ನಕ್ಕಳು. ನನಗೆ ಅಯ್ಯೋ ಅನ್ನಿಸಿತು.

ಅಳತೆಯನ್ನೆಲ್ಲ ಚೀಟಿಗೆ ಬರೆದದ್ದಾಯಿತು. ಬೊಮ್ಮಮ್ಮ ಆ ಚೀಟಿಯನ್ನು ಶಾಂತಮಲ್ಲಮ್ಮನ ಕೈಗಿಟ್ಟಳು.

“ಇದ್ಯಾಕೆ ನಂಗೆ?”

“ಒಲಿಯೋರ್ಗೆ ಕೊಡಿ. ಅವತ್ತು ಅಳ್ತೆ ಕೊಡ್ದೆ ರವ್ಕೆ ಕೇಳುದ್ರಿ. ಇವತ್ತು ಅಳ್ತೆ ಕೊಟ್ಟಿವ್ನಿ. ರವ್ಕೆ ಕೊಡಾಕಿಲ್ಲ.”

ಶಾಂಭವಿಯ ಕಣ್ಣು ತುಂಬಿತು. ಬೊಮ್ಮಮ್ಮ ಅದನ್ನು ನೋಡಿದಳು. ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ರುದ್ರಸ್ವಾಮಿ ಬಾಗಿಲಿಗೆ ಬಂದು ನನ್ನತ್ತ ಅಬ್ಬರಿಸಿದ. “ಏ ಪರಿಮಳ! ನಾಳೆಯಿಂದ ನಿಮ್ ಕಾಲೋನಿಯೋರು ಒಬ್ರೂ ನನ್ನೊಲಕ್ಕೆ ಕಾಲಿಡಂಗಿಲ್ಲ, ಯೋಳ್ಬುಟ್ಟಿವ್ನಿ!”

ಹೊಲದಲ್ಲಿ ಅರಿಸಿನ ಕೀಳುವ ಕಾಲ. ಧಣಿಗಳನ್ನು ಕರೆಯುವ ‘ಬುದ್ದಿ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಬರಾಕಿಲ್ಲ. ಅರಿಸ್ನ ನೀನೇ ಕಿತ್ಕ,” ಅಂದೆ.

ಯಂತ್ರಗಳೆಲ್ಲ ನಿಂತಿದ್ದವು. ಹೆಂಗಸರೆಲ್ಲ ಎದ್ದು ಅವನನ್ನೇ ನೋಡುತ್ತಿದ್ದರು. ಅವನು ಕಾರಿನತ್ತ ತಿರುಗಿ, “ಬಾಗ್ಲು ತೆಗಿಲಾ,” ಎಂದು ಚಿಕ್ಕಮಾದನಿಗೆ ಕೂಗಿದ.

ಚಿಕ್ಕಮಾದ ರೇಷ್ಮೆಯ ಚೀಲವನ್ನು ಕಾರಿನ ಮೇಲಿಟ್ಟ. ಬಂದು ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ.

“ಒಂದು ಟೀ ತರ್ಸು ಪರಿಮಳ,” ಅಂದ.